ಬೂದಿ ಮುಚ್ಚಿದ ಕೆಂಡದ ಬಳಿ ಅರ್ಧ ದಿನ

ನಮ್ಮ ಹಿರಿಯರು ಪರ್ವತಕ್ಕೆ ಅಚಲವೆಂದು ಹೆಸರಿಟ್ಟರು. ಅಲುಗಾಡದಿರುವುದೇ ಅದರ ಸ್ವಭಾವವೆಂಬ ನಂಬಿಕೆಯಿಂದ ಆ ಹೆಸರು ಹುಟ್ಟಿತು. ಎದೆಗೆಡದೆ ನಿಂತವನನ್ನು ಇಂದಿಗೂ ನಾವು ಬೆಟ್ಟಕ್ಕೆ ಹೋಲಿಸುತ್ತೇವೆ. ಆದರೆ ಆ ಹೆಸರಿಗೆ ಒಪ್ಪದ ಬೆಟ್ಟಗಳೂ ಈ ಭೂಮಂಡಲದಲ್ಲಿ ಉಂಟು. ಅವು ಹಲವು ತಲೆಮಾರುಗಳ ಕಾಲ ಮೌನವಾಗಿದ್ದು, ಒಂದು ದಿನ ಬಾಯ್ದೆರೆದು ಬೆಂಕಿಯನ್ನೂ ಬೂದಿಯನ್ನೂ ಕಾರುತ್ತವೆ. ಇವೇ ಜ್ವಾಲಾಮುಖಿಗಳು. ಭೂಗೋಳದ ಪುಸ್ತಕದಲ್ಲಿ ಇವುಗಳ ಚಿತ್ರವನ್ನು ನೀವೆಲ್ಲರೂ ನೋಡಿರುತ್ತೀರಿ. ಇಂದು ಇವನ್ನು ಪುಸ್ತಕದಲ್ಲಿ ಮಾತ್ರವೇ ನೋಡಬೇಕಾಗಿಲ್ಲ. ಬೆಳಗ್ಗೆ ಉಪಾಹಾರ ಮುಗಿಸಿ ಹೊರಟು, ಮಾರ್ಗದರ್ಶಿಯೊಡನೆ ಜ್ವಾಲಾಮುಖಿಯ ಬಾಯಿಯ ಅಂಚಿನವರೆಗೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ ಊರು ಸೇರಬಹುದು. ಹಲವು ದೇಶಗಳಲ್ಲಿ ಇಂಥ ಅರ್ಧ ದಿನದ ಪ್ರವಾಸಗಳು ನಡೆಯುತ್ತವೆ. ಇವು ಯೋಗ್ಯವೆ, ಅಯೋಗ್ಯವೆ? ಯೋಗ್ಯವಾದರೆ ಹೇಗೆ ಹೋಗತಕ್ಕದ್ದು? ಈ ಪ್ರಶ್ನೆಗಳನ್ನು ಕುರಿತು ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಇಂಥ ಪ್ರವಾಸದ ಸ್ವರೂಪವನ್ನು ತಿಳಿಯೋಣ. ಇಟಲಿ ದೇಶದ ನೇಪಲ್ಸ್ ನಗರದ ಮಗ್ಗುಲಲ್ಲಿ ವೆಸೂವಿಯಸ್ ಪರ್ವತವಿದೆ. ಅದರ ಎತ್ತರ ೧,೨೮೧ ಮೀಟರು. ಸುಮಾರು ಸಾವಿರ ಮೀಟರಿನ ಎತ್ತರದವರೆಗೆ ಬಸ್ಸು ಏರುತ್ತದೆ. ಅಲ್ಲಿಂದ ಮುಂದೆ ಕಾಲುನಡಿಗೆ. ಕರಿಯ, ಕೆಂಪು ಜಲ್ಲಿಕಲ್ಲಿನ ದಾರಿಯಲ್ಲಿ ಸುಮಾರು ಅರ್ಧ ಗಂಟೆ ನಡೆದರೆ ಪರ್ವತದ ಬಾಯಿಯ ಅಂಚು ಸಿಕ್ಕುತ್ತದೆ. ಕೆಳಗೆ ಬೃಹತ್ತಾದ ಕುಂಡ. ಅದರ ಗೋಡೆಯ ಬಿರುಕುಗಳಲ್ಲಿ ಅಲ್ಲಲ್ಲಿ ಹಬೆಯ ಎಳೆಗಳು. ಹಿಂದಿರುಗಿ ನೋಡಿದರೆ ನೇಪಲ್ಸ್ ಕೊಲ್ಲಿಯ ನೀಲಿ ನೀರು, ಅದರ ದಡದುದ್ದಕ್ಕೂ ಒತ್ತೊತ್ತಾಗಿ ಕಟ್ಟಿದ ಮನೆಗಳು. ಮಾರ್ಗದರ್ಶಿ ಪರ್ವತದ ಚರಿತ್ರೆಯನ್ನು ಹೇಳುತ್ತಾನೆ. ಗಾಳಿ ಮಳೆ ಜೋರಾದ ದಿನ ದಾರಿಯನ್ನು ಮುಚ್ಚಿಬಿಡುತ್ತಾರೆ.

ಆ ಚರಿತ್ರೆ ಸಾಮಾನ್ಯವಾದುದಲ್ಲ. ಕ್ರಿ.ಶ. ೭೯ರಲ್ಲಿ ಈ ಪರ್ವತ ಸಿಡಿದಾಗ ಪಾಂಪೆ ಮತ್ತು ಹರ್ಕ್ಯುಲೇನಿಯಮ್ ಎಂಬ ಎರಡು ಊರುಗಳು ಬೂದಿಯಡಿಯಲ್ಲಿ ಹುಗಿದುಹೋದವು. ಅದಕ್ಕೆ ಮೊದಲು ಅಲ್ಲಿಯ ಜನ ಅದನ್ನು ದ್ರಾಕ್ಷಿಯ ತೋಟಗಳುಳ್ಳ ಹಸಿರು ಬೆಟ್ಟವೆಂದೇ ಬಗೆದಿದ್ದರು. ಸ್ಟ್ರೇಬೊ ಎಂಬ ಭೂಗೋಳ ಪಂಡಿತನಾದರೋ, ಅದರ ಶಿಖರದ ಸುಟ್ಟ ಕಲ್ಲುಗಳನ್ನು ಕಂಡು, ಇದು ಹಿಂದೊಮ್ಮೆ ಉರಿದಿರಬೇಕೆಂದು ಬರೆದಿಟ್ಟಿದ್ದನು. ಆ ಮಾತು ಗ್ರಂಥದಲ್ಲಿಯೇ ಉಳಿಯಿತು. ಪರ್ವತದ ತೀರ ಇತ್ತೀಚಿನ ಸ್ಫೋಟ ೧೯೪೪ರ ಮಾರ್ಚಿಯಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಸಂಭವಿಸಿತು. ಸ್ಯಾನ್ ಸೆಬಾಸ್ಟಿಯಾನೊ ಎಂಬ ಊರಿನ ಬಹುಭಾಗವನ್ನು ಲಾವಾರಸ ನುಂಗಿತು. ಅಂದಿನಿಂದ ಇಂದಿನವರೆಗೆ, ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ, ಪರ್ವತ ಮೌನವಾಗಿದೆ. ಬೂದಿ ಮುಚ್ಚಿದ ಕೆಂಡವೆಂಬ ಮಾತನ್ನು ನಾವು ಮನುಷ್ಯರ ವಿಷಯದಲ್ಲಿ ಆಡುತ್ತೇವೆ. ಅಕ್ಷರಶಃ ಆ ಮಾತಿಗೆ ತಕ್ಕದ್ದು ಇಂಥ ಪರ್ವತ.

ಈ ಪ್ರವಾಸದಿಂದ ಲಾಭವಿಲ್ಲವೆನ್ನಲು ಯಾರಿಗೂ ಸಾಧ್ಯವಿಲ್ಲ. ನಮ್ಮ ಕಾಲ ಕೆಳಗಿನ ನೆಲ ಸಿದ್ಧವಸ್ತುವಲ್ಲ, ಇನ್ನೂ ಆಗುತ್ತಲಿರುವ ವಸ್ತು ಎಂಬ ಅರಿವು, ಹತ್ತು ಪಾಠಗಳಿಂದ ಬಾರದದ್ದು, ಹಬೆಯಾಡುವ ಒಂದು ಬಿರುಕನ್ನು ಕಂಡಾಗ ಬರುತ್ತದೆ. ಜ್ವಾಲಾಮುಖಿಯ ಶಾಸ್ತ್ರವೂ ಹತ್ತಿರ ಹೋಗಿ ನೋಡಿದವರಿಂದಲೇ ಬೆಳೆಯಿತು. ಜಗತ್ತಿನ ಅತಿ ಹಳೆಯ ಜ್ವಾಲಾಮುಖಿ ವೀಕ್ಷಣಾಲಯ ೧೮೪೧ರಲ್ಲಿ ಸ್ಥಾಪಿತವಾದದ್ದು ವೆಸೂವಿಯಸ್ಸಿನ ಇಳಿಜಾರಿನಲ್ಲಿಯೇ. ಆದ್ದರಿಂದ, ‘ಇಂಥ ಪ್ರವಾಸಗಳನ್ನೆಲ್ಲ ನಿಷೇಧಿಸಬೇಕು’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಸುಳ್ಳು ಮಾಡಬೇಕಾದರೆ ಹತ್ತಿರ ಹೋಗಲೇಬೇಕು.

ಆದರೆ ಇದಕ್ಕೆ ವಿರುದ್ಧವಾದ ಇನ್ನೊಂದು ಮಾತೂ ಇದೆ. ‘ಹಣ ಕೊಟ್ಟಿದ್ದೇವೆ, ಮಾರ್ಗದರ್ಶಿ ಜೊತೆಗಿದ್ದಾನೆ, ನಿತ್ಯವೂ ಜನ ಹೋಗಿ ಬರುತ್ತಿದ್ದಾರೆ, ಇನ್ನು ಭಯವೇಕೆ?’ ಎನ್ನುವ ಮಾತು. ನಿಷೇಧದ ಮಾತಿಗಿಂತಲೂ ಇದು ಹೆಚ್ಚು ಅಪಾಯಕರವಾದುದು. ಏಕೆಂದರೆ ಇದರಲ್ಲಿ ಸುಳ್ಳು ಧೈರ್ಯವಿದೆ. ಈ ಧೈರ್ಯಕ್ಕೆ ತೆರಬೇಕಾದ ಬೆಲೆ ಎಂಥದೆಂಬುದು ೨೦೧೯ರಲ್ಲಿ ನ್ಯೂಜಿಲೆಂಡ್ ದೇಶದಲ್ಲಿ ಕಂಡುಬಂದಿತು.

ಆ ದೇಶದ ಉತ್ತರ ದ್ವೀಪದ ತೀರದಿಂದ ಸುಮಾರು ೪೮ ಕಿಲೋಮೀಟರು ದೂರ, ಸಮುದ್ರದ ನಡುವೆ, ಒಂದು ಜ್ವಾಲಾಮುಖಿಯಿದೆ. ಮೂಲನಿವಾಸಿಗಳಾದ ಮಾವೊರಿ ಜನ ಅದನ್ನು ಫಕಾರಿ ಎಂದು ಕರೆಯುತ್ತಾರೆ. ೧೭೬೯ರಲ್ಲಿ ನಾವಿಕ ಜೇಮ್ಸ್ ಕುಕ್ ಅದರ ಮೇಲೆ ಕವಿದಿದ್ದ ಬಿಳಿಯ ಹೊಗೆಯನ್ನು ಕಂಡು ಶ್ವೇತದ್ವೀಪವೆಂಬ ಅರ್ಥದ ಹೆಸರನ್ನಿಟ್ಟನು. ಅಲ್ಲಿಗೆ ಹೋಗಿ ಬರಲು ಅರ್ಧ ದಿನ ಸಾಕಾಗಿತ್ತು. ವೆಸೂವಿಯಸ್ಸಿನಲ್ಲಿ ಯಾತ್ರಿಕರು ಕುಂಡದ ಅಂಚಿನಲ್ಲಿ ನಿಂತು ನೋಡಿದರೆ, ಇಲ್ಲಿ ದೋಣಿಯಿಂದ ಇಳಿದು ನೇರವಾಗಿ ಕುಂಡದೊಳಕ್ಕೆ ನಡೆಯುತ್ತಿದ್ದರು. ತಲೆಗೆ ಗಟ್ಟಿ ಟೋಪಿ, ಗಂಧಕದ ಹೊಗೆಗೆ ಮುಖವಾಡ, ಮುಂದೆ ಮಾರ್ಗದರ್ಶಿ. ನೋಡುವವರಿಗೆ ಎಲ್ಲ ಏರ್ಪಾಡೂ ಇದ್ದಂತೆ ತೋರುತ್ತಿತ್ತು.

ದ್ವೀಪವಾದರೋ ತನ್ನ ಗುಣವನ್ನು ಮುಚ್ಚಿಟ್ಟಿರಲಿಲ್ಲ. ೧೯೧೪ರಲ್ಲಿ ಅಲ್ಲಿ ಗಂಧಕ ತೆಗೆಯುತ್ತಿದ್ದ ಕಾರ್ಮಿಕರು ಕುಸಿದ ಕಲ್ಲುಮಣ್ಣಿನಡಿಯಲ್ಲಿ ಪ್ರಾಣಬಿಟ್ಟಿದ್ದರು. ೨೦೧೬ರ ಏಪ್ರಿಲಿನಲ್ಲಿ ಒಂದು ಸ್ಫೋಟವಾಗಿತ್ತು. ರಾತ್ರಿಯಾದ್ದರಿಂದ ದ್ವೀಪದಲ್ಲಿ ಯಾರೂ ಇರಲಿಲ್ಲ. ೨೦೧೯ರ ನವೆಂಬರ್ ೧೮ರಂದು ವಿಜ್ಞಾನಿಗಳು ಎಚ್ಚರಿಕೆಯ ಮಟ್ಟವನ್ನು ಒಂದರಿಂದ ಎರಡಕ್ಕೆ ಏರಿಸಿದರು. ಎರಡೆಂದರೆ ಅಲ್ಪವೆಂದು ತೋರಬಹುದು. ಆದರೆ ಆ ದೇಶದ ಕ್ರಮದಲ್ಲಿ ಮೂರು, ನಾಲ್ಕು, ಐದು ಎಂಬ ಮಟ್ಟಗಳು ಸ್ಫೋಟ ನಡೆಯುತ್ತಿರುವಾಗಿನವು. ಸ್ಫೋಟಕ್ಕೆ ಮೊದಲು ಕೊಡಬಹುದಾದ ಎಚ್ಚರಿಕೆಗಳಲ್ಲಿ ಎರಡೇ ಕೊನೆಯದು. ಹೀಗಿದ್ದರೂ ಪ್ರವಾಸಗಳು ನಿಲ್ಲಲಿಲ್ಲ. ಡಿಸೆಂಬರ್ ೯ರ ಮಧ್ಯಾಹ್ನ ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ದ್ವೀಪ ಸಿಡಿಯಿತು. ಆಗ ಅಲ್ಲಿದ್ದವರು ೪೭ ಜನ. ಅವರಲ್ಲಿ ೨೨ ಜನ ಮಡಿದರು. ಉಳಿದವರಲ್ಲಿ ಅನೇಕರು ಭಯಂಕರವಾದ ಸುಟ್ಟ ಗಾಯಗಳಿಂದ ನರಳಿದರು. ಸತ್ತವರಲ್ಲಿ ಇಬ್ಬರು ಮಾರ್ಗದರ್ಶಿಗಳು.

ಈ ಸ್ಫೋಟದಲ್ಲಿ ಲಾವಾರಸದ ಹೊಳೆ ಹರಿಯಲಿಲ್ಲ. ನೆಲದಡಿಯ ನೀರು ಅತಿಯಾಗಿ ಕಾದು, ಒಮ್ಮೆಲೇ ಆವಿಯಾಗಿ, ಮೇಲಿನ ಕಲ್ಲು ಬೂದಿಗಳನ್ನು ಕಿತ್ತೆಸೆಯಿತು. ನೀರು ಆವಿಯಾದಾಗ ಸಾಮಾನ್ಯ ಒತ್ತಡದಲ್ಲಿ ಅದರ ಗಾತ್ರ ಸಾವಿರದ ಆರುನೂರು ಮಡಿಗೂ ಹೆಚ್ಚಾಗುವುದೆಂದು ನೀವು ವಿಜ್ಞಾನದ ಪಾಠದಲ್ಲಿ ಓದಿರಬಹುದು. ಮುಚ್ಚಳ ಬಿಗಿದ ಪಾತ್ರೆ ಒಲೆಯ ಮೇಲೆ ಸಿಡಿಯುವುದೂ ಇದೇ ನ್ಯಾಯದಿಂದ. ಲಾವಾರಸ ಮೇಲೇರಿ ಬರುವಾಗ ಅನೇಕ ವೇಳೆ ನೆಲ ಉಬ್ಬುವುದರಿಂದಲೂ, ಸಣ್ಣ ಭೂಕಂಪಗಳಿಂದಲೂ ಮುನ್ಸೂಚನೆ ದೊರೆಯುತ್ತದೆ. ಉಗಿಯ ಸ್ಫೋಟಕ್ಕಾದರೋ ಕೆಲವೊಮ್ಮೆ ಸ್ಪಷ್ಟವಾದ ಮುನ್ಸೂಚನೆಯೇ ಇರುವುದಿಲ್ಲ. ಇಂಥ ಕಡೆ ಎಷ್ಟೇ ನಿಪುಣನಾದ ಮಾರ್ಗದರ್ಶಿಯಾದರೂ, ಕುಂಡದೊಳಗೆ ನಿಂತ ಮೇಲೆ, ಮಾಡಬಹುದಾದದ್ದು ಬಹಳ ಸ್ವಲ್ಪ. ಅವನ ವಿವೇಕಕ್ಕೆ ಅವಕಾಶವಿರುವುದು ದೋಣಿ ಹತ್ತುವ ಮೊದಲು.

ಅಂದಿನ ದಿನ ಮನುಷ್ಯನ ಔದಾರ್ಯವೂ ಕಂಡಿತೆಂಬುದನ್ನು ಮರೆಯಬಾರದು. ಆಗತಾನೆ ದ್ವೀಪವನ್ನು ಬಿಟ್ಟಿದ್ದ ದೋಣಿ ಹಿಂದಿರುಗಿ ಬಂದು ಗಾಯಾಳುಗಳನ್ನು ಹತ್ತಿಸಿಕೊಂಡಿತು. ಖಾಸಗಿ ಹೆಲಿಕಾಪ್ಟರುಗಳ ಚಾಲಕರು ಬೂದಿಯ ನಡುವೆ ಇಳಿದು ಜನರನ್ನು ಎತ್ತಿ ತಂದರು. ಆದರೆ ಶೌರ್ಯವು ಮುಂಜಾಗ್ರತೆಗೆ ಬದಲಾಗಲಾರದು. ಮುಂದೆ ನಡೆದ ಮೊಕದ್ದಮೆಯಲ್ಲಿ ಪ್ರವಾಸ ನಡೆಸಿದ ಹಲವು ಸಂಸ್ಥೆಗಳು ತಮ್ಮ ತಪ್ಪನ್ನು ಒಪ್ಪಿಕೊಂಡವು. ೨೦೨೪ರ ಮಾರ್ಚಿಯಲ್ಲಿ ನ್ಯಾಯಾಲಯ ದಂಡವನ್ನೂ ಪರಿಹಾರವನ್ನೂ ವಿಧಿಸಿತು. ಹಣದಿಂದ ತೀರುವ ಸಾಲ ಅದಲ್ಲ.

ಇದು ನಮ್ಮ ಕಾಲದ ಅವಿವೇಕ ಮಾತ್ರವೆಂದು ಭಾವಿಸಬೇಡಿ. ೧೮೭೨ರ ಏಪ್ರಿಲಿನಲ್ಲಿ ವೆಸೂವಿಯಸ್ ಲಾವಾರಸವನ್ನು ಹರಿಸುತ್ತಿದ್ದಾಗ, ಆ ರಾತ್ರಿಯ ಸೊಬಗನ್ನು ಸಮೀಪದಿಂದ ನೋಡಲು ನೇಪಲ್ಸಿನಿಂದ ಜನ ಗುಂಪುಗುಂಪಾಗಿ ಏರಿದರು. ಪರ್ವತದ ಪಕ್ಕೆ ಹಠಾತ್ತನೆ ಸೀಳಿ ಅವರಲ್ಲಿ ಹಲವರು ಮಡಿದರು. ಅವರ ನಡುವೆ ವೈದ್ಯವಿದ್ಯೆಯನ್ನು ಕಲಿಯುತ್ತಿದ್ದ ತರುಣರೂ ಇದ್ದರು. ಅದೇ ಸಮಯದಲ್ಲಿ ವೀಕ್ಷಣಾಲಯದ ನಿರ್ದೇಶಕನಾದ ಲುಯಿಜಿ ಪಾಲ್ಮಿಯೆರಿ, ಎರಡು ಕಡೆ ಲಾವಾರಸ ಹರಿಯುತ್ತಿದ್ದರೂ, ತನ್ನ ಉಪಕರಣಗಳನ್ನು ಬಿಡದೆ ಕುಳಿತು ಬರೆದುಕೊಳ್ಳುತ್ತಿದ್ದನು. ಒಂದೇ ಪರ್ವತ, ಒಂದೇ ರಾತ್ರಿ, ಎರಡು ಬಗೆಯ ನೋಟ. ಅಪಾಯದ ಬಳಿ ಇರುವುದಕ್ಕೆ ಅವನಿಗೆ ಒಂದು ಕಾರ್ಯವಿತ್ತು. ಆ ತರುಣರಿಗೆ ಕುತೂಹಲ ಮಾತ್ರವಿತ್ತು. ಕುತೂಹಲ ನಿಂದ್ಯವಲ್ಲ; ಅದಕ್ಕೆ ಕಡಿವಾಣ ಬೇಕು ಎಂಬುದಷ್ಟೆ ನನ್ನ ಮಾತು.

ಆ ಕಡಿವಾಣವೇ ಮಾರ್ಗದರ್ಶಿ. ದಾರಿ ತೋರಿಸುವುದು, ಕಥೆ ಹೇಳುವುದು, ಛಾಯಾಚಿತ್ರ ತೆಗೆದುಕೊಡುವುದು ಇವೆಲ್ಲ ಅವನ ಕೆಲಸಗಳೇ. ಆದರೆ ಅವನ ಮುಖ್ಯವಾದ ಕೆಲಸ ‘ಇಂದು ಬೇಡ’ ಎಂದು ಹೇಳಬಲ್ಲವನಾಗಿರುವುದು. ಈ ಎರಡು ಪದಗಳನ್ನು ಹೇಳುವುದು ಸುಲಭವೆ? ಯಾತ್ರಿಕರು ಸಾವಿರಾರು ಮೈಲಿ ದೂರದಿಂದ ಬಂದಿರುತ್ತಾರೆ. ಅವರಿಗೆ ಇರುವುದು ಅದೊಂದೇ ದಿನ. ಹಣ ಮುಂಗಡವಾಗಿ ಸಂದಿರುತ್ತದೆ. ಬೇಡವೆಂದರೆ ಯಾತ್ರಿಕರ ಅಸಮಾಧಾನ, ಯಜಮಾನನ ಕೋಪ, ತನ್ನ ಆ ದಿನದ ಕೂಲಿಗೆ ಸಂಚಕಾರ. ಮಾರ್ಗದರ್ಶಿಗೂ ಹೆಂಡತಿ ಮಕ್ಕಳಿದ್ದಾರೆ. ನಿಜ ನುಡಿದರೆ ಉಪವಾಸ, ಮುಚ್ಚಿಟ್ಟರೆ ಊಟ ಎಂಬ ಸ್ಥಿತಿಯಲ್ಲಿ ಒಬ್ಬನನ್ನು ನಿಲ್ಲಿಸಿ, ಅನಂತರ ಅವನಿಂದ ಸತ್ಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಪರ್ವತದ ಅಂದಿನ ಸ್ಥಿತಿ ಹೇಗಿದೆ, ವಿಜ್ಞಾನಿಗಳು ಏನು ಹೇಳಿದ್ದಾರೆ ಎಂಬುದನ್ನು ಹಣ ಪಡೆಯುವ ಮೊದಲೇ, ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು. ಹಿಂದಿರುಗಿಸಿದ ದಿನದ ಕೂಲಿಯೂ ಮಾರ್ಗದರ್ಶಿಗೆ ಪೂರ್ಣವಾಗಿ ಸಲ್ಲಬೇಕು. ಯಾತ್ರಿಕನ ಹಣವನ್ನು ಮರಳಿ ಕೊಡುವ ಹೊಣೆ ಪ್ರವಾಸ ನಡೆಸುವವರದಾಗಿರಬೇಕು. ಇದರಿಂದ ಪ್ರವಾಸದ ಬೆಲೆ ಏರುವುದೆಂದು ಆಕ್ಷೇಪಿಸುವವರಿದ್ದಾರೆ. ಏರಲಿ. ಅಗ್ಗದ ಪ್ರವಾಸದ ಉಳಿದ ಬೆಲೆಯನ್ನು ಯಾರು ತೆತ್ತರೆಂಬುದನ್ನು ಫಕಾರಿಯಲ್ಲಿ ಕಂಡೆವು.

ಯಾತ್ರಿಕನ ಕರ್ತವ್ಯವೂ ಇದೆ. ಹೊರಡುವ ಮೊದಲು ಅವನು ಕೇಳಬೇಕು: ಈಗ ಎಚ್ಚರಿಕೆಯ ಮಟ್ಟ ಎಷ್ಟು? ಅದರ ಅರ್ಥವೇನು? ಏನಾದರೂ ಆದರೆ ಯಾವ ಕಡೆ ಓಡಬೇಕು? ಉತ್ತರ ಕೊಡಲು ಬೇಸರಪಡುವ ಮಾರ್ಗದರ್ಶಿಯ ಹಿಂದೆ ಹೋಗಬಾರದು. ಹಿಂದಿರುಗೋಣವೆಂದ ಮಾರ್ಗದರ್ಶಿಯೊಡನೆ ವಾದಕ್ಕಿಳಿಯಬಾರದು. ಶಿಖರವನ್ನು ಕಾಣದೆ ಮರಳುವುದು ಸೋಲೆಂದು ಬಗೆಯುವವನು ಪರ್ವತವನ್ನು ಆಟದ ಬಯಲೆಂದು ತಿಳಿದಂತಾಯಿತು.

ಮುಂಬಯಿಯಲ್ಲಿ ಓದುವ ನಮಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ನಮ್ಮ ಕಾಲ ಕೆಳಗೇ ಇದೆ. ಸುಮಾರು ಆರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಈ ನೆಲದಲ್ಲಿ ಲಾವಾರಸ ಪದರಪದರವಾಗಿ ಹರಿದು ದಖನ್ನಿನ ಕರಿಗಲ್ಲಾಯಿತು. ಎಲಿಫೆಂಟಾದ ಗುಹೆಗಳನ್ನು ಕೊರೆದದ್ದು ಆ ಕಲ್ಲಿನಲ್ಲಿಯೇ. ನಿಮ್ಮಲ್ಲಿ ಹಲವರ ತಾಯಿತಂದೆಯರ ಊರಾದ ವಿಜಯಪುರ, ಕಲಬುರಗಿ, ಬೆಳಗಾವಿಯ ಕಡೆಯ ಎರೆಹೊಲಗಳ ಕಪ್ಪು ಮಣ್ಣು ಆ ಕಲ್ಲು ಸವೆದು ಆದದ್ದು. ಅಲ್ಲಿಯ ಜೋಳದ ರೊಟ್ಟಿಯಲ್ಲಿ ಆರಿದ ಜ್ವಾಲಾಮುಖಿಯ ಪಾಲೂ ಇದೆ. ಅಂಧೇರಿಯ ಗಿಲ್ಬರ್ಟ್ ಬೆಟ್ಟಕ್ಕೆ ಲೋಕಲ್ ರೈಲಿನಲ್ಲಿ ಹೋಗಿ ಅರ್ಧ ದಿನದಲ್ಲಿ ಮರಳಬಹುದು. ಸುಮಾರು ೬೦ ಮೀಟರು ಎತ್ತರಕ್ಕೆ, ಕಂಬಗಳನ್ನು ಜೋಡಿಸಿಟ್ಟಂತೆ ನಿಂತ ಆ ಕರಿಗಲ್ಲು, ಲಾವಾರಸ ನಿಧಾನವಾಗಿ ತಣಿದು ಬಿರಿದಾಗ ಆದ ರೂಪ. ಅಲ್ಲಿ ಬೆಂಕಿಯ ಭಯವಿಲ್ಲ. ಅಲ್ಲಿಗೆ ಹೋಗುವಾಗ ಭೂಗೋಳದ ಉಪಾಧ್ಯಾಯರನ್ನು ಮಾರ್ಗದರ್ಶಿಯನ್ನಾಗಿ ಮಾಡಿಕೊಳ್ಳಿ. ಪ್ರಶ್ನೆ ಕೇಳುವುದನ್ನೂ, ನಿಲ್ಲೆಂದಲ್ಲಿ ನಿಲ್ಲುವುದನ್ನೂ ಅಲ್ಲಿ ಅಭ್ಯಾಸಮಾಡಿ.

ಮುಂದೆ ನೀವು ದೊಡ್ಡವರಾಗಿ ದೇಶಾಂತರಗಳನ್ನು ಸುತ್ತುವಿರಿ. ನಿಮ್ಮಲ್ಲಿ ಕೆಲವರಾದರೂ ವೆಸೂವಿಯಸ್ಸನ್ನೋ, ಇನ್ನೊಂದು ಅಗ್ನಿಪರ್ವತವನ್ನೋ ಏರುವಿರಿ. ಖಂಡಿತವಾಗಿ ಏರಿರಿ. ಒಂದು ವೇಳೆ ಅಂದು ಮಾರ್ಗದರ್ಶಿ ಆಕಾಶವನ್ನೂ ಹೊಗೆಯನ್ನೂ ನೋಡಿ ‘ಇಂದು ಬೇಡ’ ಎಂದರೆ, ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ವಂದನೆ ಹೇಳಿ, ಹಿಂದಿರುಗಿರಿ. ಅಂದಿನ ಅರ್ಧ ದಿನವೂ ವ್ಯರ್ಥವಾಗಲಿಲ್ಲವೆಂದೇ ತಿಳಿಯಿರಿ.