ಸಾವನ್ನು ಯಾರು ಅಪ್ಪಿಕೊಳ್ತಾರೆ?

ಮೊನ್ನೆ ಗೆಳೆಯರೊಬ್ಬರಿಗಾಗಿ ಅಂಬೇಡ್ಕರ್ ಬಗೆಗಿನ ಪುಟ್ಟ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರ್ತಾ ಕೂತಿದ್ದೆ. ಅವರು 1956ರಲ್ಲಿ ಬೌದ್ಧ ಧರ್ಮವನ್ನು ‘ಎಂಬ್ರೇಸ್’ ಮಾಡಿದರು ಅಂತ ಅದರಲ್ಲಿತ್ತು. ಮೊದಲು ‘ಸ್ವೀಕರಿಸಿದರು’ ಅಂತ ಬರೆದೆ. ಯಾಕೋ ಸಪ್ಪೆ ಅನ್ನಿಸ್ತು. ಮನವಿ ಪತ್ರವನ್ನೂ ಸ್ವೀಕರಿಸ್ತಾರೆ, ಹಾರ ತುರಾಯಿಯನ್ನೂ ಸ್ವೀಕರಿಸ್ತಾರೆ. ಅಳಿಸಿ ‘ಅಪ್ಪಿಕೊಂಡರು’ ಅಂತ ಹಾಕಿದೆ. ಈಗ ಸರಿಹೋಯ್ತು ಅಂದುಕೊಂಡು ಕಾಫಿಗೆ ಎದ್ದೆ. ಟೇಬಲ್ ಮೇಲೆ ಅವತ್ತಿನ ಪೇಪರ್ ಬಿದ್ದಿತ್ತು. ಬಸ್ ಅಪಘಾತದ ಸುದ್ದಿ. ನಿದ್ದೆಯಲ್ಲಿದ್ದ ಪ್ರಯಾಣಿಕರು ‘ಸ್ಥಳದಲ್ಲೇ ಸಾವನ್ನಪ್ಪಿದ್ದಾರೆ’.

ಅರೆ! ನಾನು ಈಗಷ್ಟೇ ಹುಡುಕಿ ಹುಡುಕಿ ಇಟ್ಟ ಪದವೇ ಅಲ್ವಾ ಇದು?

ಎಂಬ್ರೇಸ್ ಅನ್ನೋ ಪದದ ಒಳಗೆ ತೋಳಿದೆ. ಹಳೆಯ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದಿದ್ದು. ಫ್ರೆಂಚರಿಗೆ ‘ಬ್ರಾ’ ಅಂದ್ರೆ ತೋಳು, ಅದರ ಮೂಲ ಲ್ಯಾಟಿನ್. ತೋಳಿನ ಒಳಗೆ ತೆಗೆದುಕೊಳ್ಳೋದು ಎಂಬ್ರೇಸ್. ಇದರ ಜೊತೆಗೇ ಇರೋ ‘ಹಗ್’ ಮನೆಬಳಕೆಯ ಪದ, ‘ಕಡಲ್’ ಮಗುವನ್ನೋ ಬೆಕ್ಕಿನ ಮರಿಯನ್ನೋ ಅವಚಿಕೊಂಡು ಮುದ್ದು ಮಾಡೋ ಪದ. ಎಂಬ್ರೇಸ್ ಸ್ವಲ್ಪ ಗಂಭೀರ. ಅದಕ್ಕೇ ಅದು ಮನುಷ್ಯರನ್ನು ಬಿಟ್ಟು ಧರ್ಮ, ವಿಚಾರ, ಅವಕಾಶ, ಬದಲಾವಣೆ ಇವುಗಳ ಹತ್ತಿರಕ್ಕೂ ಹೋಗುತ್ತೆ. ‘ಒಳಗೊಳ್ಳು’ ಅನ್ನೋ ಅರ್ಥವೂ ಇದೆ, ಅದನ್ನ ಸದ್ಯಕ್ಕೆ ಪಕ್ಕಕ್ಕಿಡೋಣ.

ಒಂದು ವಿಷಯ ಮಾತ್ರ ಗಮನಿಸಿ. ತೋಳು ಚಾಚುವಾಗ ಇರೋ ಮನಸ್ಸು ಧರ್ಮದ ವಿಷಯಕ್ಕೆ ಬಂದಾಗಲೂ ಆ ಪದದಲ್ಲಿ ಉಳಿದುಕೊಂಡಿದೆ. ಇಷ್ಟಪಟ್ಟು, ತಿಳಿದು, ತಾನಾಗಿ ಮುಂದೆ ಹೋಗಿ ಮಾಡೋದು ಅದು.

ಅಂಬೇಡ್ಕರ್ ವಿಷಯವನ್ನೇ ನೋಡಿ. ತಾನು ಹಿಂದುವಾಗಿ ಸಾಯೋದಿಲ್ಲ ಅಂತ ಅವರು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ. ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾಗಿದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ! ಓದಿದರು, ಬರೆದರು, ಬೇರೆ ಬೇರೆ ಧರ್ಮಗಳನ್ನು ತೂಗಿ ನೋಡಿದರು, ಆಮೇಲೆ ನಿರ್ಧಾರ ಮಾಡಿದರು. ಇದಕ್ಕೆ ಅಪ್ಪಿಕೊಂಡರು ಅನ್ನಬಹುದು. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಡಿಸೆಂಬರ್ 6ರಂದು ದೆಹಲಿಯ ಮನೆಯಲ್ಲಿ ತೀರಿಕೊಂಡರು. ಅವರು ಅಪ್ಪಿಕೊಂಡಿದ್ದು ಧರ್ಮವನ್ನು. ಸಾವು ತಾನಾಗಿ ಬಂತು.

ನಮ್ಮ ‘ಅಪ್ಪು’ ಕೂಡ ಹೀಗೇ ಮನಸ್ಸಿರುವ ಪದ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಾಡಿಗೆ ಹೋಗಿ, ಕಡಿಯೋಕೆ ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಆ ಚಳವಳಿಗೆ ಬಂದ ಹೆಸರು ‘ಅಪ್ಪಿಕೋ’. ಹಿಮಾಲಯದ ಕಡೆಯ ‘ಚಿಪ್ಕೋ’ ಅಂದ್ರೆ ಅಂಟಿಕೋ. ನಮ್ಮವರು ‘ಅಂಟಿಕೋ’ ಅನ್ನಲಿಲ್ಲ ನೋಡಿ, ‘ಅಪ್ಪಿಕೋ’ ಅಂದರು. ಕೊಡಲಿ ಬಂದರೂ ಬಿಡಲ್ಲ ಅನ್ನೋ ಹಟ, ಮರದ ಮೇಲಿನ ಪ್ರೀತಿ, ಎರಡೂ ಆ ಒಂದು ಪದದಲ್ಲಿದೆ.

ಇಂಥ ಪದವನ್ನು ತಂದು, ರಾತ್ರಿ ಬಸ್ಸಲ್ಲಿ ನಿದ್ದೆ ಹೋಗಿದ್ದವರ ತಲೆಗೆ ಕಟ್ಟೋದು ಸರೀನಾ? ಆ ವಾಕ್ಯದ ವ್ಯಾಕರಣ ನೋಡಿ. ಕರ್ತೃ ಯಾರು? ಸತ್ತವನು. ಕರ್ಮ ಯಾವುದು? ಸಾವು. ಅಂದ್ರೆ ಅವನೇ ಹೋಗಿ ಸಾವನ್ನು ತಬ್ಬಿಕೊಂಡ! ಇಂಗ್ಲಿಷಿನಲ್ಲೂ ಸಾವಿನ ಜೊತೆ ಎಂಬ್ರೇಸ್ ಬಳಸ್ತಾರೆ, ಆದರೆ ಹುತಾತ್ಮರಿಗೆ, ಗೊತ್ತಿದ್ದೂ ಗೊತ್ತಿದ್ದೂ ಎದುರಿಗೆ ಹೋದವರಿಗೆ. ಅಪಘಾತದ ವರದಿಯಲ್ಲಿ ಅವರು ಬರೆಯೋದು ಸತ್ತರು, ಕೊಲ್ಲಲ್ಪಟ್ಟರು ಅಂತ ಅಷ್ಟೆ. ನಮ್ಮಲ್ಲೂ ಇದು ಒಪ್ಪುವ ಜಾಗಗಳಿವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ತುಂಬಾ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಶಾಸನಗಳಿವೆ. ಅವರು ಸಾವನ್ನಪ್ಪಿದರು ಅಂದ್ರೆ ನನ್ನ ತಕರಾರಿಲ್ಲ.

ತಕರಾರಿರೋದು ಮ್ಯಾನ್‌ಹೋಲ್ ವಿಷಯದಲ್ಲಿ. ‘ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸಾವನ್ನಪ್ಪಿದರು’. ಎಷ್ಟು ಸಲ ಓದಿಲ್ಲ ನಾವು ಇದನ್ನ? ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸೋದು 2013ರ ಕಾಯ್ದೆಯ ಪ್ರಕಾರ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಅಂದ್ರೆ ಕೋರ್ಟಿನ ಕಣ್ಣಲ್ಲಿ ಅಲ್ಲಿ ಇಳಿಸಿದವನೊಬ್ಬ ಇದ್ದಾನೆ, ಹೊಣೆ ಹೊರಬೇಕಾದವನೊಬ್ಬ ಇದ್ದಾನೆ. ನಮ್ಮ ವಾಕ್ಯದಲ್ಲಿ ಮಾತ್ರ ಅವನು ಮಾಯ! ಇಳಿದವನೂ ಇವನೇ, ಅಪ್ಪಿಕೊಂಡವನೂ ಇವನೇ. ‘ಇಳಿಸಿದರು, ಸತ್ತರು’ ಅಂತ ಬರೆದು ನೋಡಿ. ‘ಯಾರು ಇಳಿಸಿದ್ದು?’ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ.

ನೀವು ಹೇಳಬಹುದು, “ಅಯ್ಯೋ, ಅದೊಂದು ನುಡಿಗಟ್ಟು ಮಾರಾಯ್ರೇ, ಪದ ಪದ ಬಿಡಿಸಿ ನೋಡಬಾರದು. ಕೈಕೊಟ್ಟ ಅಂದ್ರೆ ಕೈಯನ್ನ ಕತ್ತರಿಸಿ ಕೊಟ್ಟನಾ?” ಅಂತ. ಒಪ್ತೀನಿ. ಆದರೆ ಕೈಕೊಡೋದು ನಮ್ಮ ಬಾಯಲ್ಲಿ ದಿನಾ ಓಡಾಡೋ ಮಾತು. ‘ತಾತ ಸಾವನ್ನಪ್ಪಿದ್ರು, ಬೇಗ ಹೊರಡು’ ಅಂತ ಯಾರಾದರೂ ನಿಮಗೆ ಫೋನ್ ಮಾಡಿದ್ದಾರಾ? ತೀರಿಕೊಂಡ್ರು ಅಂತಾರೆ, ಹೋಗ್ಬಿಟ್ರು ಅಂತಾರೆ. ಅಷ್ಟೂ ಹೇಳೋಕಾಗದೆ ಬಿಕ್ಕಿ ಬಿಕ್ಕಿ ಅಳ್ತಾರೆ. ನಮ್ಮವರ ಬಗ್ಗೆ ನಾವು ಎಂದೂ ಆಡದ ಮಾತನ್ನ ಬೇರೆಯವರ ಮನೆಯವರ ಬಗ್ಗೆ ದಿನಾ ಬರೀತೀವಿ. ನನ್ನ ಬೇಜಾರು ಇಷ್ಟೇ.

ಪದಗಳಿಗೇನು ಬರವೇ? ಸತ್ತರು, ತೀರಿಕೊಂಡರು, ಅಸುನೀಗಿದರು, ಮೃತಪಟ್ಟರು, ಕೊನೆಯುಸಿರೆಳೆದರು, ಬಲಿಯಾದರು... ‘ಸತ್ತರು’ ಅಂದ್ರೆ ಒರಟಾಗುತ್ತೆ ಅಂತ ಹೆದರಿ ‘ಸಾವನ್ನಪ್ಪಿದರು’ ಬರೆಯೋರಿದ್ದಾರೆ. ಗೌರವ ಬೇಕಾದ್ರೆ ‘ತೀರಿಕೊಂಡರು’ ಇದೆಯಲ್ಲ, ಅದಕ್ಕಿಂತ ಮೆತ್ತಗಿನ ಪದ ಇನ್ಯಾವುದಿದೆ?

ಇಷ್ಟೆಲ್ಲ ಬರೆದ ಮೇಲೆ ಅನುಮಾನ ಬಂದು ನನ್ನದೇ ಹಳೇ ಬರಹಗಳಲ್ಲಿ ಹುಡುಕಿದೆ. ಸಿಕ್ಕಿಬಿದ್ದೆ! ಊರಿನ ಕೆರೆಯ ಬಗ್ಗೆ ಬರೆದಿದ್ದರಲ್ಲಿ, ನನ್ನ ಜೊತೆ ಐದನೇ ಕ್ಲಾಸಲ್ಲಿ ಓದುತ್ತಿದ್ದ ಹುಡುಗ ‘ಈಜಲು ಹೋಗಿ ಸಾವನ್ನಪ್ಪಿದ’ ಅಂತ ಇದೆ. ನಾನೇ ಬರೆದಿದ್ದು. ಅವತ್ತು ಕೆರೆ ಏರಿಯ ಮೇಲೆ ನಾನೂ ನಿಂತಿದ್ದೆ. ಅವನನ್ನು ಮೇಲಕ್ಕೆ ತಂದು ಮಲಗಿಸಿದಾಗ ಅವನಮ್ಮ ಓಡಿ ಬಂದು ಆ ಒದ್ದೆ ಮೈಯನ್ನ ಅಪ್ಪಿಕೊಂಡಿದ್ದು ಈಗಲೂ ಕಣ್ಣ ಮುಂದಿದೆ. ನಾಲ್ಕು ಜನ ಹಿಡಿದರೂ ಬಿಡಿಸೋಕಾಗಲಿಲ್ಲ. ಅಪ್ಪಿಕೊಳ್ಳೋದು ಅಂದ್ರೆ ಅದು. ಅದನ್ನ ಕಣ್ಣಾರೆ ಕಂಡಿದ್ದ ನಾನು ಅದೇ ಪದ ತಗೊಂಡು ಹೋಗಿ ಎಲ್ಲಿ ಹಾಕಿದ್ದೆ ನೋಡಿ.

ಬದಲಾಯಿಸಿದೆ. ‘ಈಜಲು ಹೋಗಿ ಮುಳುಗಿ ಸತ್ತುಹೋದ’. ಓದೋಕೆ ಕಷ್ಟ ಆಗುತ್ತೆ. ಆಗಲಿ.

ನಿಮ್ಮ ಹಳೇ ಬರಹಗಳಲ್ಲೂ ಒಂದು ಸಲ ಹುಡುಕಿ ನೋಡಿ. ಏನಂತೀರಿ?