ನಡುವಯಸ್ಸಿನ ವ್ಯಾಸಂಗ: ಹೋಗುವುದು ಮರಳುವುದಕ್ಕಾಗಿ

ಓದಿಗೆ ಒಂದು ವಯಸ್ಸು, ದುಡಿಮೆಗೆ ಮತ್ತೊಂದು ವಯಸ್ಸು ಎಂಬ ಭಾವನೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ನಲವತ್ತರ ಸಮೀಪದ ಶಿಕ್ಷಕನೋ, ದಾದಿಯೋ, ಇಂಜಿನಿಯರನೋ ಮತ್ತೆ ಓದಲು ಹೊರಟರೆ, ಮಕ್ಕಳು ಓದುವ ಕಾಲದಲ್ಲಿ ಇವರಿಗೇಕೆ ಪುಸ್ತಕ ಎಂದು ಕೇಳುವವರೇ ಹೆಚ್ಚು. ಆದರೆ ಕೆಲವು ಪ್ರಶ್ನೆಗಳು ಹುಟ್ಟುವುದೇ ದುಡಿಮೆಯ ನಡುವೆ. ಗ್ರಾಮೀಣ ಆಸ್ಪತ್ರೆಯೊಂದರಲ್ಲಿ ಹದಿನೈದು ವರ್ಷ ಸೇವೆ ಸಲ್ಲಿಸಿದ ದಾದಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅದೇ ರೋಗಿಗಳು ಅದೇ ಕಾಯಿಲೆಗಾಗಿ ಮತ್ತೆ ಮತ್ತೆ ಬರುವುದೇಕೆ ಎಂಬ ಪ್ರಶ್ನೆ ಅವಳನ್ನು ಕಾಡದೆ ಇರದು. ಅನುಭವಿಯು ‘ಹೀಗಿದೆ’ ಎಂಬುದನ್ನು ಬಲ್ಲನು, ಶಾಸ್ತ್ರವನ್ನರಿತವನು ‘ಏಕೆ ಹೀಗಿದೆ’ ಎಂಬುದನ್ನೂ ಬಲ್ಲನು ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ವಿವೇಚಿಸಿದ್ದಾನೆ. ನಡುವಯಸ್ಸಿನ ವ್ಯಾಸಂಗವೆಂದರೆ ಮೊದಲನೆಯದರಿಂದ ಎರಡನೆಯದರತ್ತ ಇಡುವ ಹೆಜ್ಜೆ.

ಇಂತಹವರಿಗೆ ದಾರಿಗಳು ಮುಚ್ಚಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಹೊರದೇಶಗಳಲ್ಲಿ ಉಳಿದಿದ್ದ ಯುದ್ಧಸಾಮಗ್ರಿಯ ಮಾರಾಟದ ಹಣವನ್ನು ವಿದ್ಯಾವಿನಿಮಯಕ್ಕೆ ಬಳಸಬೇಕೆಂದು ಅಮೆರಿಕದ ಸೆನೆಟರ್ ಫುಲ್‌ಬ್ರೈಟ್ ಅವರು ಯೋಚಿಸಿದರು. 1946ರಲ್ಲಿ ಅದು ಕಾನೂನಾಯಿತು. 1950ರ ಫೆಬ್ರವರಿಯಲ್ಲಿ ಭಾರತವೂ ಒಪ್ಪಂದಕ್ಕೆ ಸಹಿ ಹಾಕಿತು. 2008ರ ಹೊಸ ಒಪ್ಪಂದದಿಂದೀಚೆಗೆ ಎರಡೂ ಸರಕಾರಗಳು ಪಾಲುದಾರರಾಗಿದ್ದು, ಫೆಲೋಶಿಪ್‌ಗೆ ಫುಲ್‌ಬ್ರೈಟ್-ನೆಹರೂ ಎಂಬ ಹೆಸರು ಬಂದಿದೆ. ಅದರ ಸ್ನಾತಕೋತ್ತರ ವಿಭಾಗಕ್ಕೆ ಕನಿಷ್ಠ 3 ವರ್ಷಗಳ ಪೂರ್ಣಾವಧಿ ಉದ್ಯೋಗದ ಅನುಭವ ಬೇಕು. ಬ್ರಿಟನ್ ಸರಕಾರವು 1983ರಲ್ಲಿ ಆರಂಭಿಸಿದ ಚೀವ್ನಿಂಗ್ ವ್ಯಾಸಂಗ ವೇತನಕ್ಕೆ ಕನಿಷ್ಠ 2 ವರ್ಷ, ಅಂದರೆ 2,800 ಗಂಟೆಗಳ ದುಡಿಮೆ ಬೇಕು, ವಯಸ್ಸಿನ ಮೇಲ್ಮಿತಿಯಿಲ್ಲ. ದುಡಿದು ಕಳೆದ ವರ್ಷಗಳು ಇಲ್ಲಿ ಅಡ್ಡಿಯಲ್ಲ, ಅವೇ ಅರ್ಹತೆ.

ಆದರೆ ಈ ವೇತನಗಳ ಹಿಂದೆ ಒಂದು ಕರಾರಿದೆ. ಚೀವ್ನಿಂಗ್ ಪಡೆದವರು ಓದು ಮುಗಿಸಿ ಸ್ವದೇಶಕ್ಕೆ ಮರಳಿ ಕನಿಷ್ಠ 2 ವರ್ಷ ಇಲ್ಲಿರಬೇಕು. ಫುಲ್‌ಬ್ರೈಟ್ ಪಡೆದವರಿಗೂ, ಅಮೆರಿಕದಲ್ಲಿ ನೆಲಸುವ ವೀಸಾ ಕೇಳುವ ಮುನ್ನ 2 ವರ್ಷ ತಾಯ್ನಾಡಿನಲ್ಲಿರಬೇಕೆಂಬ ನಿಯಮವಿದೆ. ಕರಾವಳಿಯ ನಮ್ಮ ಮನೆಗಳಲ್ಲಿ ‘ಫಾರಿನ್’ ಎಂದೊಡನೆ ಕೊಲ್ಲಿ ರಾಷ್ಟ್ರಗಳ ದುಡಿಮೆಯೋ, ಶಾಶ್ವತ ವಲಸೆಯೋ ನೆನಪಾಗುತ್ತದೆ. ಕುಟುಂಬದ ಹೊಟ್ಟೆಪಾಡಿಗಾಗಿ ಕಡಲು ದಾಟುವುದು ಹೀನವಲ್ಲ. ಆದರೆ ಅದರ ದಾರಿ ಬೇರೆ. ಮರಳುವ ಮನಸ್ಸಿಲ್ಲದೆ ಮರಳುತ್ತೇನೆಂದು ಬರೆದುಕೊಟ್ಟರೆ ಅದು ಸುಳ್ಳು ಮಾತ್ರವಲ್ಲ, ಮರಳಬಲ್ಲ ಇನ್ನೊಬ್ಬರ ಸ್ಥಾನವನ್ನು ಕಸಿದಂತೆಯೂ ಹೌದು.

ಅರ್ಜಿ ಬರೆಯುವಾಗ ನಮ್ಮವರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಪ್ರಶಸ್ತಿಪತ್ರಗಳ ಪಟ್ಟಿಯನ್ನೇ ಪ್ರಬಂಧವೆಂದು ಭಾವಿಸುತ್ತಾರೆ. ಇನ್ನು ಕೆಲವರು ಸಂಕೋಚದಿಂದ ತಾವು ಮಾಡಿದ್ದನ್ನೂ ಹೇಳುವುದಿಲ್ಲ. ಆತ್ಮಪ್ರಶಂಸೆಯೂ ವಿನಯವಲ್ಲ, ಸತ್ಯವನ್ನು ಅಡಗಿಸುವುದೂ ವಿನಯವಲ್ಲ. ಕೈಗೊಂಡ ಒಂದು ಕಾರ್ಯ, ಅದರಿಂದಾದ ಬದಲಾವಣೆ, ಮುಂದೆ ಹೋಗಲಾರದೆ ನಿಂತ ಸ್ಥಳ, ಅದನ್ನು ದಾಟಲು ಬೇಕಾದ ವಿದ್ಯೆ: ಇಷ್ಟನ್ನು ನೇರವಾಗಿ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಅಲಂಕಾರದ ಇಂಗ್ಲಿಷಿಗೆ ಅಂಜಬೇಕಿಲ್ಲ. ಸರಳವಾದ, ಸ್ಪಷ್ಟವಾದ ವಾಕ್ಯ ಸಾಕು. ಶಿಫಾರಸಿಗೆ ಶಾಸಕರನ್ನೋ ಧರ್ಮಗುರುಗಳನ್ನೋ ಹುಡುಕಿಕೊಂಡು ಬರುವ ಅಭ್ಯಾಸವನ್ನೂ ಬಿಡಬೇಕು. ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರ ಮಾತಿಗೆ ಬೆಲೆ ಹೆಚ್ಚು.

ಕಾಲವನ್ನೂ ಗಮನಿಸಬೇಕು. ಚೀವ್ನಿಂಗ್ ಅರ್ಜಿಗಳನ್ನು ಸಾಮಾನ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸ್ವೀಕರಿಸುತ್ತಾರೆ. ಓದು ಆರಂಭವಾಗುವುದು ಮರುವರ್ಷದ ಸೆಪ್ಟೆಂಬರ್ ವೇಳೆಗೆ. ಈ ಒಂದು ವರ್ಷವನ್ನು ಮನೆಯವರೊಡನೆ ಸಮಾಲೋಚಿಸಲು ಬಳಸಬೇಕು. ಚೀವ್ನಿಂಗ್ ಅವಲಂಬಿತರ ಖರ್ಚನ್ನು ಭರಿಸುವುದಿಲ್ಲ. ಸಾಲದ ಕಂತು, ವೃದ್ಧ ತಂದೆತಾಯಿಯರ ಔಷಧ, ಮಕ್ಕಳ ಶಾಲೆ ಯಾರ ಹೆಗಲಿಗೆ ಎಂಬುದು ಹೊರಡುವ ಮುನ್ನವೇ ನಿರ್ಧಾರವಾಗಬೇಕು. ಗಂಡ ಹೊರಟಾಗ ಹೆಮ್ಮೆಪಡುವ ಮನೆ, ಹೆಂಡತಿ ಹೊರಟಾಗ ‘ಮಕ್ಕಳನ್ನು ಯಾರು ನೋಡುತ್ತಾರೆ’ ಎಂದು ಕೇಳುವುದು ನ್ಯಾಯವಲ್ಲ.

ಕೊನೆಯ ಮಾತು ನಮ್ಮ ವಿದ್ಯಾಸಂಸ್ಥೆಗಳ, ಆಸ್ಪತ್ರೆಗಳ ಆಡಳಿತ ವರ್ಗಕ್ಕೆ. ಉದ್ಯೋಗದಲ್ಲಿರುವವರು ಫುಲ್‌ಬ್ರೈಟ್‌ಗೆ ಅರ್ಜಿ ಹಾಕುವಾಗ, ರಜೆ ನೀಡುವೆವೆಂಬ ಉದ್ಯೋಗದಾತರ ಒಪ್ಪಿಗೆಯೂ ಬೇಕಾಗುತ್ತದೆ. ಒಂದು ಸಹಿ ದೊರೆಯದೆ ಒಂದು ಜೀವಮಾನದ ಅವಕಾಶ ಕೈತಪ್ಪಬಹುದು. ರಜೆ ಕೊಟ್ಟರೆ ಕೆಲಸಗಾರ ಕೈಬಿಟ್ಟು ಹೋದಾನೆಂಬ ಭಯ ಸಹಜ. ಆದರೆ ಮರಳಿ ಬಂದವನ ಪ್ರಶ್ನೆಗಳಿಗೆ ಕಿವಿಗೊಡದ ಸಂಸ್ಥೆಯಲ್ಲಿ ಯಾರು ತಾನೇ ನಿಂತಾರು? ಹೋಗುವವನು ಮರಳುವ ಮಾತನ್ನು ಉಳಿಸಿಕೊಳ್ಳಲಿ. ಕಳುಹಿಸಿದವರು ಅವನು ಕಲಿತದ್ದಕ್ಕೆ ಇಲ್ಲಿ ಎಡೆಮಾಡಿಕೊಡಲಿ.