ಕೊಲ್ಲಿಗೆ ಹೋಗುವ ಹಿರಿಯರಿಗೆ ಕನ್ನಡದಲ್ಲೊಂದು ಕರಪತ್ರ ಬೇಡವೇ?

ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಅಪರೂಪ. ಹಿಂದೆ ದುಡಿಯುವವರಷ್ಟೇ ಅತ್ತ ಹೋಗುತ್ತಿದ್ದರು. ಇಂದು ಮಗನ ಮನೆ ನೋಡಲು, ಮಗಳ ಬಾಣಂತನಕ್ಕೆ ಎಂದು ಸಂದರ್ಶಕ ವೀಸಾದಲ್ಲಿ ಹೋಗುವ ತಂದೆ ತಾಯಂದಿರೂ ಅನೇಕರು. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ವಿಮಾನವೇರಿದರೆ ಕೆಲವೇ ಗಂಟೆಗಳಲ್ಲಿ ದುಬಾಯಿ. ಆದರೆ ಇಳಿದೊಡನೆ ಮೊಬೈಲಿನಲ್ಲಿ ನೆಟ್ ಇಲ್ಲದಿದ್ದರೆ, ಹೊರಗೆ ಕಾದು ನಿಂತ ಮಗನಿಗೆ ಒಂದು ಮಾತು ತಿಳಿಸಲೂ ಸಾಧ್ಯವಾಗದು.

ಇದು ಪರಿಹಾರವಿಲ್ಲದ ತೊಡಕೇನಲ್ಲ. ದುಬಾಯಿ ವಿಮಾನ ನಿಲ್ದಾಣದಲ್ಲಿ ಉಚಿತ ವೈಫೈ ಇದೆ; ಮೊದಲ ಸಂದೇಶಕ್ಕೆ ಅಷ್ಟು ಸಾಕು. ಅನಂತರ ಪಾಸ್‌ಪೋರ್ಟ್ ತೋರಿಸಿ ಅಲ್ಲಿನ ಸಂದರ್ಶಕರ ಸಿಮ್ ಪಡೆಯಬಹುದು. ಹೊಸ ಬಗೆಯ ಫೋನುಳ್ಳವರು ಇ-ಸಿಮ್ಮನ್ನು ಊರಿನಲ್ಲೇ ಹಾಕಿಸಿಕೊಂಡು ಹೊರಡಬಹುದು. ನಮ್ಮ ಊರಿನ ಸಿಮ್ಮನ್ನು ಮಾತ್ರ ಎಸೆಯಬಾರದು. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಆದುದರಿಂದ ಹೊರಡುವ ಮೊದಲೇ ಕಂಪನಿಯವರಲ್ಲಿ ವಿಚಾರಿಸಿ ಆ ಸಂಖ್ಯೆಗೆ ರೋಮಿಂಗ್ ಸೌಲಭ್ಯ ಮಾಡಿಸಿಕೊಳ್ಳಬೇಕು. ಆದರೆ ಆ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಇರಬೇಕು. ಪ್ಯಾಕ್ ಇಲ್ಲದೆ ಅದನ್ನು ಬಳಸಿದರೆ ತೆರಬೇಕಾದ ದರ ಬಲು ದುಬಾರಿ. ಅಲ್ಲಿರುವಾಗ ಊರಿನ ಸಂಖ್ಯೆಗೆ ಬಂದ ಕರೆಯನ್ನು ಎತ್ತಿಕೊಂಡರೂ ಹಣ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ವಿಷಯ. ಯುಎಇಯಲ್ಲಿ ವಾಟ್ಸಾಪ್ ಸಂದೇಶ, ಚಿತ್ರ, ಧ್ವನಿಮುದ್ರಿಕೆ ಹೋಗುತ್ತವೆ; ವಾಟ್ಸಾಪ್ ಕರೆಗೆ ಮಾತ್ರ ನಿರ್ಬಂಧವಿದೆ. ಇದನ್ನರಿಯದವರು ಫೋನ್ ಕೆಟ್ಟಿತೆಂದೋ ಸಿಮ್ ಮೋಸವೆಂದೋ ತಿಳಿದು ವೃಥಾ ಹಣ ಕಳೆಯುತ್ತಾರೆ. ಇತ್ತ ಊರಿನಲ್ಲಿರುವವರಿಗೂ ನಿದ್ದೆಯಿಲ್ಲ. ಅಲ್ಲಿನ ಸರಕಾರ ಅನುಮತಿಸಿದ ಬೋಟಿಮ್‌ನಂತಹ ಆ್ಯಪನ್ನು ಎರಡೂ ಕಡೆಯವರು ಮೊದಲೇ ಹಾಕಿಕೊಂಡರೆ ಮುಖ ನೋಡಿ ಮಾತಾಡಬಹುದು.

ಇಷ್ಟನ್ನು ತಿಳಿಸಿ ಹೇಳುವವರು ಯಾರು? ಕಂಪನಿಯ ಸೂಚನೆ ಇಂಗ್ಲಿಷಿನಲ್ಲಿ, ಇಲ್ಲಿನ ಅಂಗಡಿಯ ಫಲಕ ಮಲೆಯಾಳದಲ್ಲಿ, ಅಲ್ಲಿನ ಬರಹ ಅರಬಿಯಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರು ಓದು ಬಲ್ಲವರೇ. ಅವರು ಓದಬಲ್ಲ ಭಾಷೆಯಲ್ಲಿ ಮಾಹಿತಿಯಿಲ್ಲದ ಕಾರಣಕ್ಕೆ ಅನಕ್ಷರಸ್ಥರಂತೆ ಇತರರ ಕೈ ಕಾಯಬೇಕಾಗಿದೆ. ಒಟಿಪಿ ಬಂದ ಫೋನನ್ನು ಅಪರಿಚಿತರ ಕೈಗೆ ಕೊಡುವುದು ಎಂತಹ ಅಪಾಯ!

ಭಾಷಾ ಅಲ್ಪಸಂಖ್ಯಾತ ಕನ್ನಡಿಗರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾನೂನು ಅವಕಾಶವಿತ್ತಿದೆ. ಹಾಗಿರುವಾಗ ಪ್ರವಾಸಿ ಕೇರಳೀಯರಿಗಾಗಿ ಇರುವ ನೋರ್ಕಾ ಇಲಾಖೆ ಒಂದು ಪುಟದ ಕನ್ನಡ ಕರಪತ್ರವನ್ನಾದರೂ ಹೊರತರಬೇಕೆಂದು ನಾವು ಕನ್ನಡದಲ್ಲೇ ಅರ್ಜಿ ಬರೆದು ಕೇಳಬೇಕು. ಉತ್ತರ ಬರುವವರೆಗೆ ಕೈಕಟ್ಟಿ ಕೂರುವುದೂ ಬೇಡ. ನಮ್ಮ ಗ್ರಂಥಾಲಯಗಳು, ಯುವಕ ಮಂಡಲಗಳು, ಕೊಲ್ಲಿಯ ಕನ್ನಡ ಸಂಘಗಳು ಈ ಕೆಲಸಕ್ಕೆ ಮುಂದಾಗಲಿ. ಹೈಸ್ಕೂಲಿನ ಮಕ್ಕಳಿಂದ ಅಜ್ಜ ಅಜ್ಜಿಯರಿಗಾಗಿ ಇಂತಹದೊಂದು ಪತ್ರ ಬರೆಯಿಸಿದರೆ ಅದಕ್ಕಿಂತ ಉಪಯುಕ್ತವಾದ ಪ್ರಬಂಧ ಬೇರೊಂದಿಲ್ಲ. ದಿನನಿತ್ಯದ ವ್ಯವಹಾರಕ್ಕೆ ಒದಗಿದಾಗಲೇ ಭಾಷೆ ಉಳಿಯುತ್ತದೆ ಎಂಬುದನ್ನು ಸಂಬಂಧಪಟ್ಟವರೆಲ್ಲರೂ ಮನಗಾಣಬೇಕು.